ಹಾಡಿನಿಂದ ದನಿಯನ್ನಷ್ಟೇ ಬಿಡಿಸಬಹುದೇ?

ಪ್ರಶ್ನೆ: ರಾಜ್ಯೋತ್ಸವಕ್ಕೆ ‘ಗಂಧದ ಗುಡಿ’ (1973) ಚಿತ್ರದ ಹಾಡು ಹಾಡಬೇಕೆಂದಿದ್ದೇವೆ. ಪಿ.ಬಿ. ಶ್ರೀನಿವಾಸ್ ಅವರ ದನಿ ತೆಗೆದು ವಾದ್ಯವಷ್ಟೇ ಉಳಿಸಿಕೊಳ್ಳಬಹುದೇ?
– ಓದುಗರೊಬ್ಬರು, ಉಪ್ಪಲ್, ಹೈದರಾಬಾದ್

ಉತ್ತರ: ಖಂಡಿತ, ಈಗ ಸಾಕಷ್ಟು ಚೆನ್ನಾಗಿಯೇ ಆಗುತ್ತದೆ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಉಪಾಯ ಒಂದಿತ್ತು. ಸ್ಟೀರಿಯೋದಲ್ಲಿ ಗಾಯಕರ ದನಿ ಸಾಮಾನ್ಯವಾಗಿ ಎಡ, ಬಲ ಎರಡರಲ್ಲೂ ಸಮನಾಗಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ದನಿ ಅಳಿಯುತ್ತದೆ, ಜೊತೆಗೆ ನಡುವೆ ಕೂರಿಸಿದ ಬೇಸ್, ಡ್ರಮ್ಮೂ ಹೋಗುತ್ತವೆ. ಆದರೆ ‘ಗಂಧದ ಗುಡಿ’ ಕಾಲದ ನಮ್ಮ ಬಹುಪಾಲು ಚಿತ್ರಗೀತೆಗಳು ಮಾನೋ, ಅಂದರೆ ಎಡ, ಬಲ ಎರಡರಲ್ಲೂ ಒಂದೇ ಧ್ವನಿ. ಅಲ್ಲಿ ಕಳೆದರೆ ಏನೂ ಉಳಿಯದು. ಫಿಲ್ಟರ್‌ನಿಂದ ಸೋಸೋಣವೆಂದರೆ ದನಿ, ಪಿಟೀಲು, ಕೊಳಲು ಒಂದೇ ಕಂಪನಾಂಕಗಳಲ್ಲಿ ಬೆರೆತಿರುತ್ತವೆ.

2019ರಲ್ಲಿ ಡೀಜರ್ ಕಂಪನಿ ಉಚಿತವಾಗಿ ಬಿಟ್ಟ ‘ಸ್ಪ್ಲೀಟರ್’ ಈ ತೊಡಕನ್ನು ಬೇರೆ ರೀತಿ ಬಿಡಿಸಿತು. ದನಿ, ವಾದ್ಯ ಬೇರೆಬೇರೆಯಾಗಿಯೇ ಇರುವ ಅಸಂಖ್ಯ ಹಾಡುಗಳಿಂದ ಕಲಿತ ಈ ತಂತ್ರಾಂಶ, ಪ್ರತಿ ಕ್ಷಣದ ಪ್ರತಿ ಕಂಪನಾಂಕದಲ್ಲಿ ದನಿಯ ಪಾಲೆಷ್ಟು ಎಂದು ಅಂದಾಜಿಸುತ್ತದೆ. ಹಾಗಾಗಿ ಮಾನೋಗೂ ನಡೆಯುತ್ತದೆ. 2023ರಲ್ಲಿ ಬೀಟಲ್ಸ್‌ನ ‘ನೌ ಆಂಡ್ ದೆನ್’ಗೆ ಜಾನ್ ಲೆನನ್ ಅವರ ದನಿಯನ್ನು ಹಳೆಯ ಕ್ಯಾಸೆಟ್ಟಿನ ಪಿಯಾನೋದಿಂದ ಬಿಡಿಸಿದ್ದು ಇಂಥದೇ ವಿದ್ಯೆಯಿಂದ.

ಆದರೂ ಎಳೆದ ಆಲಾಪದ ಬಾಲ, ‘ಸ’ ‘ಶ’ಗಳ ಸಿಳ್ಳು ವಾದ್ಯದ ಹಿಂದೆ ಕೇಳಿಸಬಹುದು. ಇದನ್ನು ಆದಷ್ಟು ತಗ್ಗಿಸಲು ಎಂಪಿ3 ಬದಲು ಸಿಡಿಯ ಪ್ರತಿ ಬಳಸಿ. ಯೂಟ್ಯೂಬಿಗೆ ಹಾಕುವುದಾದರೆ ಹಕ್ಕುದಾರರ ಅನುಮತಿ ಪಡೆಯಿರಿ.