ಬಿ.ಎಚ್. ರಸ್ತೆಯ ಮೆಡಿಕಲ್‌ಗಳಲ್ಲಿ

ತರೀಕೆರೆಯ ಬಿ.ಎಚ್. ರಸ್ತೆಯಲ್ಲಿ ಮೆಡಿಕಲ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಂಜೆ ಲಿಂಗದಹಳ್ಳಿ, ಲಕ್ಕವಳ್ಳಿ ಕಡೆಯ ಬಸ್ಸು ಹಿಡಿಯುವ ಅವಸರದಲ್ಲಿ ಜನ ಕೌಂಟರಿಗೆ ಮುಗಿಬಿದ್ದಿರುತ್ತಾರೆ. ಶುಗರ್ ಮಾತ್ರೆ, ಕೆಮ್ಮಿನ ಔಷಧಿ ಎಂದು ಗಟ್ಟಿಯಾಗಿ ಕೇಳುವವರ ನಡುವೆ ಒಬ್ಬಾಕೆ ಮಾತಾಡದೆ ಮಾಲಾ-ಡಿ ಗರ್ಭನಿರೋಧಕ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಗಾಜಿನ ಮೇಲಿಟ್ಟಳು. ಅಂಗಡಿಯವರು ಹೊಸದೊಂದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಅಷ್ಟೇ.

ಇಂಥ ಮಾತ್ರೆಗೆ ವೈದ್ಯರ ಚೀಟಿ ಬೇಕಿಲ್ಲ. ಆದರೆ ಔಷಧಿ ಕೊಡುವಾಗ ತಿಳಿವಳಿಕೆ ಹೇಳುವುದೂ ಫಾರ್ಮಸಿಸ್ಟರ ಕೆಲಸವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಹೇಳುತ್ತದೆ.

ಇನ್ನೊಂದು ಅಂಗಡಿಯಲ್ಲಿ ಬಿಳಿ ಕೋಟಿನ ಫಾರ್ಮಸಿಸ್ಟ್ ಮಾಲಾ-ಡಿ ಕೇಳಿ ಬಂದವಳನ್ನು ಫ್ರಿಜ್ಜಿನ ಪಕ್ಕಕ್ಕೆ ಕರೆದರು. ದನಿ ತಗ್ಗಿಸಿ, “ಬಿ.ಪಿ. ಇದ್ಯಾ ಅಕ್ಕಾ? ಅರೆತಲೆನೋವು ಬರುತ್ತಾ? ಟಿ.ಬಿ., ಫಿಟ್ಸ್‌ಗೆ ಮಾತ್ರೆ ತಗೋತಿದ್ದೀರಾ?” ಎಂದರು. ಎಲ್ಲಕ್ಕೂ ಇಲ್ಲ. “ಮಗು ಹಾಲು ಕುಡಿತಿದ್ಯಾ?”

“ಹೂಂ, ನಾಲ್ಕು ತಿಂಗಳು.”

ಮಾಲಾ-ಡಿ ಕಪಾಟಿಗೆ ವಾಪಸಾಯಿತು. ಎದೆಹಾಲು ಕುಡಿಯುವ ಮಗುವಿಗೆ ಆರು ತಿಂಗಳಾಗುವವರೆಗೆ ತಾಯಿಗೆ ಈ ಜೋಡಿ ಹಾರ್ಮೋನಿನ ಮಾತ್ರೆ ಸಲ್ಲದು. “ಸರ್ಕಾರಿ ಆಸ್ಪತ್ರೆಗೆ ಹೋಗಿ, ಛಾಯಾ ಕೇಳಿ. ದುಡ್ಡು ಕೊಡೋ ಹಾಗಿಲ್ಲ” ಎಂದರು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಈ ಮಾತ್ರೆಯಲ್ಲಿ ಹಾರ್ಮೋನಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು.

ಮುಂದೆ ಬಂದ ಹುಡುಗ ಕೇಳಿದ್ದು ತುರ್ತು ಗರ್ಭನಿರೋಧಕ ಮಾತ್ರೆ. “72 ಗಂಟೆಯೊಳಗೆ ನುಂಗಬೇಕು, ಬೇಗ ಆದಷ್ಟು ಒಳ್ಳೇದು. ತಿಂಗಳು ತಿಂಗಳು ಇದನ್ನೇ ನಂಬ್ಕೋಬೇಡಿ” ಎಂದು ಹೇಳಿಯೇ ಕೊಟ್ಟರು. ಗರ್ಭಪಾತದ ಮಾತ್ರೆಯ ಮಾತು ಬೇರೆ. ಅದು ವೈದ್ಯರ ಚೀಟಿಯಿಲ್ಲದೆ ಸಿಗಕೂಡದು.

ಈ ಸೀಮೆಗೆ ವಿಷಯ ಹೊಸದಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ತರೀಕೆರೆ ಆಗ ಆ ಸಂಸ್ಥಾನದ ಕಡೂರು ಜಿಲ್ಲೆಯಲ್ಲಿತ್ತು. ಇಂದು ಮಾಲಾ-ಡಿ ಬೀದಿಬದಿಯಲ್ಲೇ ಸಿಗುತ್ತದೆ. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೇ ತಗೊಳ್ಳಿ ಎಂಬಷ್ಟು ಹೇಳಲು ಒಂದು ನಿಮಿಷವೂ ಬೇಡ. ಅದನ್ನು ಕೇಳಿಸಿಕೊಳ್ಳಲು ಮಾತ್ರೆ ಕೊಳ್ಳುವಾಕೆಯ ಪಕ್ಕದಲ್ಲಿ ಊರವರ ಕಿವಿ ಇರಬಾರದು, ಅಷ್ಟೇ. ಹೊಸ ಬೋರ್ಡಿಗೆ ದುಡ್ಡು ಸುರಿಯುವ ಅಂಗಡಿಗಳು ಕೌಂಟರಿನ ತುದಿಗೊಂದು ಪರದೆ ಕಟ್ಟಿದರೆ ಸಾಕು.