ಹಳೆಯ ಗ್ರೇಡರಿನ ಸಡಿಲ

ಚಿತ್ರದುರ್ಗ ಜಿಲ್ಲೆಯಲ್ಲಿ ಮಣ್ಣಿನ ರಸ್ತೆಯೆಂಬುದು ಒಮ್ಮೆ ಮಾಡಿ ಮುಗಿಸಿಬಿಡುವ ವಸ್ತುವಲ್ಲವೆಂಬುದನ್ನು ಆ ನೆಲದಲ್ಲಿ ನಡೆದಾಡಿದವರಿಗೆ ಹೇಳಬೇಕಾದುದಿಲ್ಲ. ಹಿರಿಯೂರಿನ ಕಡೆಯ ಎರೆಭೂಮಿಯು ಮಳೆ ಕಂಡಾಗ ಉಬ್ಬಿ, ಬೇಸಗೆಯಲ್ಲಿ ಬಿರಿದು, ತನ್ನ ಮೇಲೆ ಹಾಸಿದುದನ್ನೆಲ್ಲ ವರ್ಷವರ್ಷವೂ ಕದಲಿಸುತ್ತದೆ. ಹೊಸದುರ್ಗ ಹೊಳಲ್ಕೆರೆಗಳ ಕೆಂಪು ಗರಸು ಲಾರಿಯ ಚಕ್ರಕ್ಕೆ ಸಿಕ್ಕಿ ಧೂಳಾಗಿ ಹಾರಿ, ಉಳಿದ ಕಲ್ಲುಹರಳನ್ನು ದಾರಿಯುದ್ದಕ್ಕೂ ಅಡ್ಡಗೆರೆಗಳಾಗಿ ಬಿಟ್ಟುಹೋಗುತ್ತದೆ. ಭೀಮಸಮುದ್ರದ ಸುತ್ತಣ ಕಬ್ಬಿಣದ ಅದಿರಿನ ದಾರಿಗಳು, ಬೆಟ್ಟದ ನೆತ್ತಿಯ ಗಾಳಿಯಂತ್ರಗಳಿಗೆ ಉದ್ದುದ್ದ ರೆಕ್ಕೆಗಳನ್ನು ಹೊತ್ತ ವಾಹನಗಳು ಏರಬೇಕಾದ ತಿರುವುಗಳು, ಭದ್ರಾ ಮೇಲ್ದಂಡೆ ಯೋಜನೆಯ ನಾಲೆಯ ಪಕ್ಕದ ದಾರಿಗಳು, ಹಳ್ಳಿಗೆ ಹೋಗುವ ಗರಸಿನ ರಸ್ತೆಗಳು, ಇವೆಲ್ಲವನ್ನೂ ಹದಕ್ಕೆ ತರುವ ಯಂತ್ರವೊಂದೇ: ಮೋಟಾರ್ ಗ್ರೇಡರ್. ಹೊಸದನ್ನು ಕೊಳ್ಳುವ ಚೈತನ್ಯವು ತಾಲ್ಲೂಕು ಮಟ್ಟದ ಗುತ್ತಿಗೆದಾರರಲ್ಲಿ ಎಲ್ಲರಿಗೂ ಇರುವುದಿಲ್ಲವಾದುದರಿಂದ, ಅನೇಕರು ಇನ್ನೊಬ್ಬರು ದುಡಿಸಿ ಬಿಟ್ಟುದನ್ನು ಅರಸಿಕೊಂಡು ಹೋಗುತ್ತಾರೆ. ಹೋದವರು ಇಂಜಿನ್ನಿನ ಶಬ್ದಕ್ಕೆ ಕಿವಿಗೊಟ್ಟು, ಟೈರನ್ನೊಮ್ಮೆ ಒದ್ದು, ಬಣ್ಣವನ್ನು ಮೆಚ್ಚಿ ಮುಂಗಡ ಕೊಟ್ಟುಬರುತ್ತಾರೆ. ಲಾರಿ ಕೊಳ್ಳುವುದಕ್ಕೆ ಈ ಕ್ರಮ ಅಷ್ಟೇನೂ ಕೆಟ್ಟದ್ದಲ್ಲ. ಗ್ರೇಡರಿಗೆ ಅದು ಸಾಲದು; ಏತಕ್ಕೆಂದರೆ, ಈ ಯಂತ್ರದ ಯೋಗ್ಯತೆ ಅದರ ಬಲದಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ನಿಖರತೆಯಲ್ಲಿದೆ.

ನಮ್ಮ ರೈತನ ಕುಂಟೆಯನ್ನು ನೆನೆದರೆ ಗ್ರೇಡರಿನ ಅಲಗು ಅರ್ಥವಾಗುತ್ತದೆ. ಕುಂಟೆಯ ಕುಡ ನೆಲಕ್ಕೆ ಅಡ್ಡಲಾಗಿ ಮಲಗಿ ಮಣ್ಣನ್ನು ಕೊಯ್ಯುತ್ತದೆ. ಗ್ರೇಡರಿನ ಅಲಗಾದರೋ ಓರೆಯಾಗಿ ನಿಂತು ಕೊಯ್ದ ಮಣ್ಣನ್ನು ಉರುಳಿಸುತ್ತ ಪಕ್ಕಕ್ಕೆ ಸಾಲಾಗಿ ಬಿಡುತ್ತದೆ. ಸಾಮಾನ್ಯವಾಗಿ 12 ಅಡಿ, ಎಂದರೆ ಸುಮಾರು 3.66 ಮೀಟರ್ ಉದ್ದದ ಈ ಅಲಗು, ಸರ್ಕಲ್ ಎಂಬ ಹಲ್ಲುಳ್ಳ ದೊಡ್ಡ ಉಕ್ಕಿನ ಬಳೆಯ ಕೆಳಗೆ ತೂಗುತ್ತಿರುತ್ತದೆ. ಸರ್ಕಲ್ಲನ್ನು ಹೊತ್ತಿರುವುದು ಡ್ರಾಬಾರ್. ಡ್ರಾಬಾರಿನ ಮೂತಿಯು ಯಂತ್ರದ ಮುಂತುದಿಯಲ್ಲಿ ಒಂದು ಗುಂಡು ಕೀಲಿಗೆ ಸಿಕ್ಕಿಕೊಂಡಿದ್ದು, ಅದರ ಹಿಂಬದಿಯನ್ನು ಎರಡು ಹೈಡ್ರಾಲಿಕ್ ಸಿಲಿಂಡರುಗಳು ಮೇಲಕ್ಕೆತ್ತಿ ಕೆಳಗಿಳಿಸುತ್ತವೆ.

ಇದರಲ್ಲಿ ನಿಜವಾಗಿ ಆಶ್ಚರ್ಯಪಡತಕ್ಕ ಸಂಗತಿಯೊಂದುಂಟು. ತಾನೇ ಹಳ್ಳದಿಣ್ಣೆಗಳ ಮೇಲೆ ಉರುಳುವ ಯಂತ್ರವು ಸಮತಲವಾದ ನೆಲವನ್ನು ಹೇಗೆ ಕೊಯ್ದೀತು? ಗ್ರೇಡರಿಗೆ ಸ್ಪ್ರಿಂಗುಗಳಿಲ್ಲ, ಇರುವುದು ರೇಖಾಗಣಿತ. ಮುಂದಿನ ಒಂದು ಚಕ್ರ 10 ಸೆಂಟಿಮೀಟರ್ ಎತ್ತರದ ಕಲ್ಲನ್ನು ಹತ್ತಿತೆಂದರೆ, ಮುಂದಿನ ಅಚ್ಚು ತನ್ನ ನಡುವಣ ಕೀಲಿನಲ್ಲಿ ವಾಲುವುದರಿಂದ ಯಂತ್ರದ ಮೂತಿ ಏರುವುದು 5 ಸೆಂಟಿಮೀಟರ್ ಮಾತ್ರ. ಮೂತಿಗೂ ಹಿಂಬದಿಯ ಚಕ್ರಗಳಿಗೂ ಸುಮಾರು ನಡುವೆ ಇರುವ ಅಲಗು ಏರುವುದು ಅದರಲ್ಲಿ ಮತ್ತೆ ಅರ್ಧ, ಎಂದರೆ ಎರಡೂವರೆ. ಹಿಂಬದಿಯಲ್ಲಿ ಒಂದೊಂದು ಪಕ್ಕಕ್ಕೆ ಎರಡು ಚಕ್ರಗಳನ್ನು ಒಂದೇ ಪೆಟ್ಟಿಗೆಗೆ ಪೋಣಿಸಿ, ಆ ಪೆಟ್ಟಿಗೆಯನ್ನು ನಡುವೆ ತಿರುಗುವಂತೆ ಕೂರಿಸಿರುತ್ತಾರೆ. ಇದಕ್ಕೆ ಟ್ಯಾಂಡಮ್ ಎಂದು ಹೆಸರು. ಅಲ್ಲಿಯೂ ಚಕ್ರದ ಏರಿಕೆಯು ಕೀಲಿಗೆ ಬರುವಾಗ ಅರ್ಧವಾಗುತ್ತದೆ. ಹೀಗೆ ಪ್ರತಿಯೊಂದು ಓಟದಲ್ಲಿಯೂ ನೆಲದ ಒರಟನ್ನು ಭಾಗಿಸುತ್ತ ಭಾಗಿಸುತ್ತ ಹೋಗಿ, ಕೆಲವು ಓಟಗಳಲ್ಲಿ ರಸ್ತೆ ನುಣುಪಾಗುತ್ತದೆ.

ಈ ವಿನ್ಯಾಸ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಓರೆಯಾದ ಅಲಗಿನ ಮೇಲೆ ಬೀಳುವ ಮಣ್ಣಿನ ಒತ್ತಡವು ಬಂಡಿಯನ್ನು ಪಕ್ಕಕ್ಕೆ ನೂಕುವುದನ್ನು ಕಂಡು, ಚಕ್ರಗಳನ್ನೇ ಎದುರು ದಿಕ್ಕಿಗೆ ವಾಲಿಸುವ ಉಪಾಯವನ್ನು ಅಮೆರಿಕದ ಜೆ. ಡಿ. ಆಡಮ್ಸ್ 1885ರಲ್ಲಿ ಆಚರಣೆಗೆ ತಂದನು. ಆ ಬಂಡಿಯನ್ನು ಎಳೆಯುತ್ತಿದ್ದುದು ಪ್ರಾಣಿಗಳು. ನಮ್ಮ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಕಟ್ಟೆ ಏಳುತ್ತಿದ್ದ 1898ರಿಂದ 1907ರ ಪರ್ಯಂತದ ವರ್ಷಗಳಲ್ಲಿ ಲೋಕದಲ್ಲಿ ಮೋಟಾರ್ ಗ್ರೇಡರೇ ಇರಲಿಲ್ಲ. ಗ್ರೇಡರುಗಳನ್ನು ಮಾಡುತ್ತಿದ್ದ ರಸೆಲ್ ಕಂಪನಿಯನ್ನು 1928ರಲ್ಲಿ ಕೊಂಡ ಕ್ಯಾಟರ್‌ಪಿಲರ್ ಸಂಸ್ಥೆಯು, ಟ್ರ್ಯಾಕ್ಟರಿಗೆ ಅಲಗು ಕಟ್ಟುವ ಹಳೆಯ ಪದ್ಧತಿಯನ್ನು ಬಿಟ್ಟು, ಇಡಿಯ ಯಂತ್ರವನ್ನೇ ಈ ಕೆಲಸಕ್ಕಾಗಿ ರೂಪಿಸಿ 1931ರಲ್ಲಿ ಹೊರತಂದಿತು. 1964ರಲ್ಲಿ ಸ್ಥಾಪಿತವಾದ ನಮ್ಮ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯೂ ಗ್ರೇಡರುಗಳನ್ನು ತಯಾರಿಸುತ್ತ ಬಂದಿದೆ.

ಇನ್ನು ಪ್ರಕೃತ ವಿಷಯ. ಮೇಲೆ ಹೇಳಿದ ರೇಖಾಗಣಿತವು ಸತ್ಯವಾಗಬೇಕಾದರೆ ಕೀಲುಗಳೆಲ್ಲ ಬಿಗಿಯಾಗಿರಬೇಕು. ಮೆಕ್ಯಾನಿಕ್ಕುಗಳು ‘ಪ್ಲೇ’ ಎನ್ನುವ ಸಡಿಲವು, ಸವೆದ ಪಿನ್ನು ಬುಷ್ಷುಗಳ ನಡುವಣ ಆ ಕೂದಲೆಳೆಯ ಸಂದು, ಅಲಗಿನ ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗಿಬಿಡುತ್ತದೆ. ಸರ್ಕಲ್ಲಿನ ಅಡ್ಡಳತೆ ಒಂದೂವರೆ ಮೀಟರೆಂದು ಇಟ್ಟುಕೊಳ್ಳೋಣ. ಅದನ್ನು ತಿರುಗಿಸುವ ಪಿನಿಯನ್ನಿನ ಹಲ್ಲಿನಲ್ಲಿ 2 ಮಿಲಿಮೀಟರ್ ಸಡಿಲವಿದ್ದರೆ, ಕೇಂದ್ರದಿಂದ 1.83 ಮೀಟರ್ ದೂರವಿರುವ ಅಲಗಿನ ತುದಿಯು ಸುಮಾರು 5 ಮಿಲಿಮೀಟರ್ ತೊನೆಯುತ್ತದೆ. ಇದಕ್ಕೆ ಡ್ರಾಬಾರಿನ ಗುಂಡು ಕೀಲಿನ ಸಡಿಲ, ಸಿಲಿಂಡರಿನ ಎರಡು ತುದಿಗಳ ಸಡಿಲ, ಸರ್ಕಲ್ಲನ್ನು ಆತುಕೊಂಡಿರುವ ಹಲ್ಲೆಗಳ (ಶೂಗಳ) ಸಡಿಲ, ಯಂತ್ರವನ್ನು ನಡುವಿನಲ್ಲಿ ಮಡಿಸುವ ಆರ್ಟಿಕ್ಯುಲೇಷನ್ ಪಿನ್ನುಗಳ ಸಡಿಲ ಇವುಗಳನ್ನು ಕೂಡಿಸಿ ನೋಡಿ. ರಸ್ತೆಯ ತಳದ ಗ್ರ್ಯಾನ್ಯುಲರ್ ಸಬ್‌ಬೇಸ್ ಪದರದ ಮಟ್ಟವು ನಿಗದಿಯಾದುದಕ್ಕಿಂತ 10 ಮಿಲಿಮೀಟರಿಗೆ ಹೆಚ್ಚಾಗಿ ಏರಬಾರದು, 20ಕ್ಕೆ ಹೆಚ್ಚಾಗಿ ಇಳಿಯಬಾರದು ಎಂದು ನಮ್ಮ ಹೆದ್ದಾರಿ ಕಾಮಗಾರಿಗಳ ನಿಯಮಾವಳಿ ವಿಧಿಸುತ್ತದೆ; ಹಳೆಯ ಯಂತ್ರದ ಸಡಿಲವೊಂದೇ ಆ ಅವಕಾಶವನ್ನೆಲ್ಲ ನುಂಗಿಬಿಡಬಲ್ಲುದು.

ಆದುದರಿಂದ ಪರೀಕ್ಷೆಯನ್ನು ಇಂಜಿನ್ ನಿಂತಿರುವಾಗಲೇ ಆರಂಭಿಸುವುದು ಲೇಸು. ಅಲಗನ್ನು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸಿಕೊಂಡು, ಅದರ ಒಂದು ತುದಿಯನ್ನು ಹಾರೆಯಿಂದ ಮೇಲಕ್ಕೂ ಹಿಂದುಮುಂದಕ್ಕೂ ಮೀಟಿ, ಪ್ರತಿಯೊಂದು ಕೀಲಿನ ಬಳಿಯೂ ಬೆರಳಿಟ್ಟು ನೋಡುತ್ತ ಬಂದರೆ, ಎಲ್ಲಿ ಲೋಹವು ಲೋಹದಿಂದ ಅಗಲಿ ಅಲುಗುತ್ತದೆಯೆಂಬುದು ಬೆರಳಿಗೇ ತಿಳಿಯುತ್ತದೆ. ಸರ್ಕಲ್ಲಿನ ಹಲ್ಲೆಗಳಲ್ಲಿ ಸಡಿಲವನ್ನು ತೆಗೆಯಲು ತೆಳು ತಗಡುಗಳ ಏರ್ಪಾಡು ಇರುತ್ತದೆ. ಇನ್ನೂ ತೆಗೆಯಲು ತಗಡು ಉಳಿದಿದೆಯೆ, ಅಥವಾ ಹಿಂದಿನವರು ಎಲ್ಲವನ್ನೂ ತೆಗೆದು ಮುಗಿಸಿದ್ದಾರೆಯೆ ಎಂಬುದನ್ನು ತಪ್ಪದೆ ನೋಡಬೇಕು. ಸರ್ಕಲ್ಲಿನ ಹಲ್ಲುಗಳು ಸುತ್ತಲೂ ಸಮನಾಗಿ ಸವೆಯುವುದಿಲ್ಲ. ನಿತ್ಯವೂ ಒಂದೇ ಓರೆಯಲ್ಲಿ ದುಡಿದ ಭಾಗವೇ ತೆಳ್ಳಗಾಗಿರುತ್ತದೆಯಾದುದರಿಂದ, ಮಾರುವವರು ತಿರುಗಿಸಿ ತೋರಿಸಿದ ಭಾಗಕ್ಕಷ್ಟೆ ತೃಪ್ತಿಪಡದೆ ಪೂರ್ತಿ ಸುತ್ತಿಸಿ ನೋಡತಕ್ಕದ್ದು. ಅಲಗಿನ ತಳಕ್ಕೆ ಬೋಲ್ಟು ಹಾಕಿ ಕೂರಿಸಿದ ಕಟಿಂಗ್ ಎಡ್ಜ್ ಸವೆಯುವುದಕ್ಕೆಂದೇ ಹುಟ್ಟಿದ ಪಟ್ಟಿ. ಅದು ಸವೆದಿದ್ದರೆ ದೋಷವಿಲ್ಲ, ಆದರೆ ಅದನ್ನು ಕಾಲಕಾಲಕ್ಕೆ ಬದಲಿಸದೆ ಅಲಗಿನ ಮೈಯನ್ನೇ ನೆಲಕ್ಕೆ ತೇಯಿಸಿದ್ದಾರೆಂದಾದರೆ, ಪಟ್ಟಿಯ ಖರ್ಚನ್ನು ಉಳಿಸಿದ ಆ ಯಜಮಾನನು ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದಾನೆಂದು ನಂಬುವುದಕ್ಕೆ ನಮಗಂತೂ ಮನಸ್ಸು ಬರುವುದಿಲ್ಲ.

ಟ್ಯಾಂಡಮ್ಮಿನ ಒಳಗೆ ಚೈನುಗಳಿವೆ. ಕಣ್ಣಿಗೆ ಕಾಣದ ಕಾರಣ ಜನ ಅವನ್ನು ಮರೆಯುತ್ತಾರೆ. ಯಂತ್ರವನ್ನು ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಒಂದೊಂದು ಮೊಳ ನಡೆಸಿದಾಗ, ಗೇರು ಹಿಡಿದುದಕ್ಕೂ ಚಕ್ರ ಕದಲಿದುದಕ್ಕೂ ನಡುವೆ ‘ಠಣ್’ ಎಂಬ ಸದ್ದು ಕೇಳಿಬಂದರೆ, ಮೇಲಣ ಮುಚ್ಚಳ ಬಿಚ್ಚಿಸಿ ಚೈನಿನ ಜೋಲನ್ನು ಕಣ್ಣಾರೆ ನೋಡಬೇಕು. ಅಲ್ಲಿನ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದೂ, ಬೆರಳಿನ ನಡುವೆ ಮಿಂಚುವ ಕಣಗಳಿದ್ದರೆ ಬೇರಿಂಗು ಸವೆಯುತ್ತಿದೆಯೆಂದೂ ತಿಳಿಯಬೇಕು.

ಹೈಡ್ರಾಲಿಕ್ಕಿನ ಪರೀಕ್ಷೆಗೆ ಬೇಕಾದುದು ಒಂದು ಟೇಪು ಮತ್ತು ಸ್ವಲ್ಪ ಸಹನೆ. ಅಲಗನ್ನು ಎತ್ತಿ, ಎರಡು ತುದಿಗಳ ಎತ್ತರವನ್ನೂ ಅಳೆದು, ಇಂಜಿನ್ ನಿಲ್ಲಿಸಿ, ಮಾರುವವರು ಕೊಡಿಸುವ ಚಹಾ ಕುಡಿದು ಬಂದು (ಚಹಾ ಖಂಡಿತ ಬರುತ್ತದೆ) ಮತ್ತೆ ಅಳೆದರೆ, ಯಾವ ಪಕ್ಕದ ಸಿಲಿಂಡರಿನ ಸೀಲು ಅಥವಾ ತಡೆವಾಲ್ವು ಸೋರುತ್ತಿದೆಯೆಂಬುದು ಹೊರಬೀಳುತ್ತದೆ. ಅನಂತರ ಅಲಗನ್ನು ನೇರ ಮಾಡಿ ನೆಲಕ್ಕೊತ್ತಿ, ಮುಂದಿನ ಚಕ್ರಗಳು ಮೇಲೇಳುವಂತೆ ಮಾಡಬೇಕು; ಏಳದಿದ್ದರೆ ಪಂಪು ದುರ್ಬಲವಾಗಿದೆಯೆಂದೇ ಅನುಮಾನಿಸತಕ್ಕದ್ದು; ಎದ್ದರೆ, ಆಧಾರ ಕೊಟ್ಟು, ತೂಗುವ ಆ ಚಕ್ರಗಳನ್ನು ಅಲುಗಿಸಿ ಕಿಂಗ್‌ಪಿನ್ನಿನ ಮತ್ತು ವಾಲುವ ಕೀಲಿನ ಸವೆತವನ್ನೂ ನೋಡಿಕೊಳ್ಳಬಹುದು. ಇಂಜಿನ್ನಿನ ಬಗೆಗೆ ಬಲ್ಲವರು ಬಹಳವಿದ್ದಾರೆಂದು ಸಂಕ್ಷೇಪಿಸುತ್ತೇವೆ: ನಾವು ಹೋಗುವ ಮೊದಲೇ ಅದನ್ನು ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದಾರೆಯೆ ಎಂದು ಕೈಯಿಟ್ಟು ನೋಡುವುದು, ತಣ್ಣಗಿದ್ದಾಗ ಚಾಲೂ ಮಾಡಿಸುವುದು, ನೀಲಿ ಹೊಗೆ ಎಣ್ಣೆ ಸುಡುವುದರ ಲಕ್ಷಣವೆಂದು ತಿಳಿಯುವುದು, ಬ್ರೀದರಿನಿಂದ ಹೊಗೆ ಒತ್ತಿ ಬರುತ್ತಿದ್ದರೆ ರಿಂಗುಗಳು ಸವೆದಿವೆಯೆಂದು ಎಣಿಸುವುದು. ಹೊಸ ಹಳದಿ ಬಣ್ಣವನ್ನು ಕಂಡು ಮಾತ್ರ ಸಂತೋಷಪಡಲಾಗದು. ಗ್ರೇಡರಿನ ರಿಪೇರಿಗಳಲ್ಲಿ ಅತ್ಯಂತ ಅಗ್ಗವಾದುದು ಬಣ್ಣ.

ಇಷ್ಟಾದ ಮೇಲೆ ಅದನ್ನು ದುಡಿಸಿ ನೋಡದೆ ಕೊಳ್ಳುವುದು ಅವಿವೇಕ. ಐವತ್ತು ಮೀಟರ್ ಗರಸಿನ ನೆಲವನ್ನು ಗೊತ್ತುಮಾಡಿ, ಒಬ್ಬ ಒಳ್ಳೆಯ ಆಪರೇಟರಿನಿಂದ ಕೊಯ್ಯಿಸಿ, 3 ಮೀಟರಿನ ನೇರಪಟ್ಟಿಯನ್ನು ಅದರ ಮೇಲಿಟ್ಟು ಸಂದುಗಳನ್ನು ನೋಡಬೇಕು. ನಿಧಾನವಾಗಿ ಓಡಿಸಿದಾಗಲೂ ಅಲಗಿನ ಹಿಂದೆ ಒಂದೇ ಅಂತರದ ಅಲೆಗಳು ಬಿದ್ದರೆ, ಅದು ಆಪರೇಟರಿನ ಕೈಯ ದೋಷವಲ್ಲ, ಕೀಲುಗಳದು. ಇದರ ಬೆಲೆಯನ್ನು ಅಂಕಿಯಲ್ಲಿ ಹಿಡಿಯಬಹುದು. 45 ಡಿಗ್ರಿ ಓರೆಯಲ್ಲಿ 12 ಅಡಿಯ ಅಲಗು ಮುಚ್ಚುವ ಅಗಲ ಸುಮಾರು 2.6 ಮೀಟರ್, ಸಾಲಿನ ಮೇಲೆ ಸಾಲು ಏರುವುದಕ್ಕೆ 0.3 ಕಳೆದರೆ 2.3; ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ, ತಿರುಗಿಸುವ ನಿಲ್ಲಿಸುವ ಹೊತ್ತಿಗೆ ಕಾಲುಭಾಗ ಬಿಟ್ಟರೆ, ಗಂಟೆಗೆ 6,900 ಚದರ ಮೀಟರ್. ಬಿಗಿಯಾದ ಯಂತ್ರವು ಆರು ಪಾಸಿನಲ್ಲಿ, ಎಂದರೆ ಆರು ಓಟಗಳಲ್ಲಿ, ಮಟ್ಟ ತಂದಿತೆಂದರೆ, ಮುಗಿದ ಕೆಲಸ ಗಂಟೆಗೆ 1,150 ಚದರ ಮೀಟರ್. ಸಡಿಲವಾದುದಕ್ಕೆ ಅದೇ ಮಟ್ಟ ತರಲು ಒಂಬತ್ತು ಪಾಸು ಬೇಕಾದರೆ, ಗಂಟೆಗೆ 770 ಕೂಡ ಆಗುವುದಿಲ್ಲ. ಡೀಸೆಲ್ಲೂ ಆಪರೇಟರಿನ ಬಟವಾಡೆಯೂ ಎರಡಕ್ಕೂ ಒಂದೇ. ಕೊಳ್ಳುವಾಗ ಉಳಿಸಿದ ಹಣವು ಆ ಮೂರು ಪಾಸುಗಳಲ್ಲಿ ದಿನದಿನವೂ ಹೊರಟುಹೋಗುತ್ತಿರುತ್ತದೆ.

ಕಾರ್ಯಶಕ್ತಿ ಒಂದಾದರೆ ವಿಶ್ವಾಸಾರ್ಹತೆ ಇನ್ನೊಂದು. ಜನರು ಇದನ್ನು ಅವರ್ ಮೀಟರಿನಲ್ಲಿ ಹುಡುಕುತ್ತಾರೆ. ಮೀಟರನ್ನು ಬದಲಿಸಲು ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಪೆಡಲಿನ ರಬ್ಬರು, ಸೀಟು, ಹಿಡಿಗಳ ಸವೆತ ಇವುಗಳೊಡನೆ ತಾಳೆಹಾಕಿದರೆ ಸುಳ್ಳು ಬಯಲಾಗುತ್ತದೆ. ಆದರೆ ಸತ್ಯವಾದ ಮೀಟರೂ ನಮ್ಮ ಜಿಲ್ಲೆಯಲ್ಲಿ ಮೋಸಮಾಡಬಲ್ಲುದು. ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದ್ದ ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟಿನಲ್ಲಿ ಆ ಆಜ್ಞೆಯನ್ನು ಚಿತ್ರದುರ್ಗ ತುಮಕೂರುಗಳಿಗೂ ವಿಸ್ತರಿಸಿತು. ಅಕ್ರಮದ ಪ್ರಮಾಣವನ್ನು ನೋಡಿ ವಿಂಗಡಿಸಿದ ‘ಎ’ ಮತ್ತು ‘ಬಿ’ ವರ್ಗದ ಗಣಿಗಳಿಗೆ ಪೂರ್ತಿ ದಾರಿಯಾದುದು 2013ರ ಏಪ್ರಿಲಿನಲ್ಲಿ. ಅಂಥ ಕಾಲದಲ್ಲಿ ಗಣಿಯ ದಾರಿ ಕಾಯುವ ಯಂತ್ರವು ಬಿಸಿಲಿನಲ್ಲಿ ನಿಂತರೆ, ಮೀಟರು ಒಂದು ತಾಸನ್ನೂ ಎಣಿಸದು. ಆದರೆ ಸೀಲುಗಳು ಒಣಗುತ್ತವೆ, ಟೈರಿನ ಪಕ್ಕಗಳು ಬಿರಿಯುತ್ತವೆ, ಡೀಸೆಲ್ ಟ್ಯಾಂಕಿನಲ್ಲಿ ನೀರು ಇಬ್ಬನಿಗಟ್ಟುತ್ತದೆ, ವೈರುಗಳನ್ನು ಇಲಿ ಕಡಿಯುತ್ತದೆ. ತಾಸು ಕಡಮೆಯೆಂದು ಹೆಚ್ಚು ಬೆಲೆ ಕೊಡುವವರು, ತಯಾರಾದ ವರ್ಷದಿಂದ ಈಚೆಗೆ ಅದು ಯಾವಾಗ ಎಲ್ಲಿ ನಿಂತಿತ್ತೆಂದು ಕೇಳತಕ್ಕದ್ದು.

ವಿಶ್ವಾಸಾರ್ಹತೆಗೆ ಇಂಜಿನಿಯರುಗಳ ಲೆಕ್ಕ ಸರಳವಾದುದು. ಒಂದು ಕೇಡಿಗೂ ಮುಂದಿನ ಕೇಡಿಗೂ ನಡುವೆ ಯಂತ್ರವು ಸರಾಸರಿ 120 ತಾಸು ದುಡಿದು, ರಿಪೇರಿಗೆ 6 ತಾಸು ನಿಂತರೆ, ನೂರರಲ್ಲಿ 95 ಪಾಲು ಕಾಲ ಅದು ನಮ್ಮ ಕೈಗೆ ಸಿಕ್ಕುತ್ತದೆ. ಅಷ್ಟೇ ಕೆಡುವ ಇನ್ನೊಂದು ಯಂತ್ರವು, ಬಿಡಿಭಾಗ ದೂರದಿಂದ ಬರಬೇಕೆಂಬ ಒಂದೇ ಕಾರಣದಿಂದ 80 ತಾಸು ನಿಂತರೆ, ಸಿಕ್ಕುವುದು ನೂರರಲ್ಲಿ 60. ಬೆಂಗಳೂರು ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್; ರಾತ್ರಿ ಬಸ್ಸಿಗೆ ಹಾಕಿದ ಸೀಲು ಬೆಳಗ್ಗೆ ಕೈಸೇರುವ ಯಂತ್ರವನ್ನೇ ನಾವಾದರೆ ಆರಿಸುವೆವು, ಅದು ವಿದೇಶದ ಯಂತ್ರಕ್ಕಿಂತ ಸ್ವಲ್ಪ ಒರಟಾಗಿದ್ದರೂ ಸರಿಯೆ. ಇದೇ ನ್ಯಾಯದಿಂದ, ಚಕ್ರವುಳ್ಳ ನಿರ್ಮಾಣಯಂತ್ರಗಳಿಗೆ 2021ರ ಏಪ್ರಿಲಿನಿಂದ ಬಿಗಿಯಾದ ಹೊಗೆಯ ನಿಯಮಕ್ಕಿಂತ ಹಿಂದಿನ, ಯಾಂತ್ರಿಕ ಪಂಪಿನ ಇಂಜಿನ್ನನ್ನು ಊರಿನ ಮೆಕ್ಯಾನಿಕ್ ಬಿಚ್ಚಿ ಕೂಡಿಸಬಲ್ಲನು. ಎಲೆಕ್ಟ್ರಾನಿಕ್ ಇಂಜಿನ್ ಡೀಸೆಲ್ಲನ್ನು ಮಿತವಾಗಿ ಕುಡಿದರೂ ಕೆಟ್ಟ ದಿನ ಲ್ಯಾಪ್‌ಟಾಪು ಹಿಡಿದು ಬರುವವನಿಗಾಗಿ ಕಾಯಿಸುತ್ತದೆ.

ಆರ್.ಟಿ.ಓ. ದಾಖಲೆ, ಸಾಲ ಕೊಟ್ಟ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಇಂಜಿನ್ನಿನ ಮೇಲಣ ಸಂಖ್ಯೆಗೂ ಕಾಗದದ ಸಂಖ್ಯೆಗೂ ತಾಳೆ, ಇವು ಯಾವ ವಾಹನಕ್ಕಾದರೂ ಬೇಕಾದವೇ. ಗ್ರೇಡರಿಗೆ ಮಾತ್ರ ಒದಗುವ ಕೊನೆಯ ಪರೀಕ್ಷೆಯೊಂದುಂಟು: ಬುಲ್ಡೋಜರಿನಂತೆ ಟ್ರೈಲರ್ ಏರದೆ ಅದು ತನ್ನ ಚಕ್ರಗಳ ಮೇಲೆಯೇ ಊರು ಸೇರಬಲ್ಲುದು. ಪೂರ್ತಿ ಹಣ ಎಣಿಸುವುದಕ್ಕೆ ಮುಂಚೆ, ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೋ ಹಿರಿಯೂರಿನ ಹೆದ್ದಾರಿಯ ಪಕ್ಕದ ದಾರಿಯಲ್ಲೋ ಮೇಲಣ ಗೇರಿನಲ್ಲಿ ಒಂದು ತಾಸು ಓಡಿಸಿ, ಗೇರುಗಳು ಬಿಸಿಯಲ್ಲಿಯೂ ಜಾರದೆ ಹಿಡಿಯುತ್ತವೆಯೆ ಎಂದು ನೋಡಿ, ನಿಲ್ಲಿಸಿದೊಡನೆ ಇಳಿದು ಆರು ಚಕ್ರಗಳ ಹಬ್ಬುಗಳ ಬಳಿಗೂ ಅಂಗೈ ಒಯ್ಯಬೇಕು. ಐದು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ, ಅಲ್ಲಿ ಬೇರಿಂಗೋ ಬ್ರೇಕೋ ಹಿಡಿಯುತ್ತಿದೆ. ಅದರ ರಿಪೇರಿಯ ಖರ್ಚನ್ನು ಮೆಕ್ಯಾನಿಕ್ಕಿನಿಂದ ಬರೆಯಿಸಿ, ಬೆಲೆಯಿಂದ ಕಳೆದೇ ಕರಾರಿಗೆ ಸಹಿ ಹಾಕತಕ್ಕದ್ದು.