ಮೈಕ್ ಸೆಟ್‌ನವನ ವಿದ್ಯೆ

ಎಂಬತ್ತರ ದಶಕದಲ್ಲಿ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಕಡೆ ಒಂದು ಹಳ್ಳಿಯಲ್ಲಿ 'ಕುರುಕ್ಷೇತ್ರ' ನಾಟಕವಿದೆಯೆಂದರೆ ಮೊದಲು ಬರುತ್ತಿದ್ದವನು ದುರ್ಯೋಧನನಲ್ಲ, ಮೈಕ್ ಸೆಟ್‌ನವನು. ತೆಂಗಿನ ಮರಕ್ಕೆ ಎರಡು ಹಾರನ್ ಕಟ್ಟಿ, ರಂಗದ ನೆತ್ತಿಯ ಮೇಲೆ ಹಗ್ಗದಲ್ಲಿ ಮೈಕು ಇಳಿಬಿಟ್ಟು, 'ಹಲೋ, ಮೈಕ್ ಟೆಸ್ಟಿಂಗ್' ಎಂದರೆ ಊರಿಗೆ ಹಬ್ಬ ಬಂತೆಂದೇ ಅರ್ಥ. ಪಾತ್ರಧಾರಿಗಳು ಎಲ್ಲಿದ್ದರೂ ಆ ಮೈಕಿನ ಕೆಳಕ್ಕೇ ನಡೆದು ಬಂದು ಹಾಡುತ್ತಿದ್ದರು. 'ಮೈಕಾಸುರ' ಎಂದು ಬೈದವರೂ ಇದ್ದರು. ಪರೀಕ್ಷೆಯ ದಿನಗಳಲ್ಲಿ ಆ ಬೈಗುಳ ನ್ಯಾಯವೇ. ಆದರೆ ಮಗ ಮೈಕ್ ಸೆಟ್‌ನವನ ಹಿಂದೆ ತಿರುಗಿದರೆ ಕೆಟ್ಟುಹೋದನೆಂದು ತಂದೆತಾಯಿ ಹೆದರುತ್ತಿದ್ದುದು ಮಾತ್ರ ಅಷ್ಟು ನ್ಯಾಯವಲ್ಲ.

ಏಕೆಂದರೆ ಇದೇ ವಿದ್ಯೆಯಿಂದ ಒಂದು ಪುಟ್ಟ ದೇಶದ ಸಂಗೀತವೇ ಹುಟ್ಟಿತು. ವೆಸ್ಟ್ ಇಂಡೀಸಿನ ಜಮೈಕಾ ಕ್ರಿಕೆಟ್ ಬಲ್ಲ ಹುಡುಗರಿಗೆ ಹೊಸ ಹೆಸರೇನಲ್ಲ. ಅದರ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಬಡವರ ಮನೆಯಲ್ಲಿ ಗ್ರಾಮಾಫೋನ್ ಇರಲಿಲ್ಲ. ಹಾಗಾಗಿ 1950ರ ದಶಕದಲ್ಲಿ ಅಲ್ಲಿನ ಕೆಲವರು ಆಂಪ್ಲಿಫೈಯರ್, ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಬಯಲಿನಲ್ಲಿ ಜೋಡಿಸಿ ಹಾಡು ಹಾಕತೊಡಗಿದರು. ಇದನ್ನೇ 'ಸೌಂಡ್ ಸಿಸ್ಟಂ' ಎಂದರು. ಜನ ಸೇರಿ ಕುಣಿಯುವ ಆ ಅಂಗಳಗಳಿಂದಲೇ ಮುಂದೆ 'ಡಾನ್ಸ್‌ಹಾಲ್' ಎಂಬ ಹೆಸರು ಬಂತು. ಪಕ್ಕದ ಸೆಟ್ಟಿನವನಲ್ಲಿ ಇಲ್ಲದ ಹಾಡು ತನ್ನಲ್ಲಿರಬೇಕೆಂಬ ಪೈಪೋಟಿಯಲ್ಲಿ ಸೆಟ್ಟಿನ ಮಾಲೀಕರೇ ಹಾಡು ತಯಾರಿಸಲು ಇಳಿದರು. ಅವರಲ್ಲೊಬ್ಬರಾದ ಕಾಕ್ಸನ್ ಡಾಡ್ 1963ರಲ್ಲಿ 'ಸ್ಟುಡಿಯೋ ಒನ್' ತೆರೆದರು.

ಇವರೆಲ್ಲರಿಗಿಂತ ವಿದ್ಯಾರ್ಥಿಗಳು ನೆನಪಿಡಬೇಕಾದವರು ಕಿಂಗ್ ಟಬ್ಬಿ. ಹಾಡುಗಾರರಲ್ಲ, ವಾದ್ಯಗಾರರೂ ಅಲ್ಲ. ರೇಡಿಯೋ ರಿಪೇರಿ ಮಾಡುತ್ತ, ಟ್ರಾನ್ಸ್‌ಫಾರ್ಮರ್ ಸುತ್ತುತ್ತ, ಆಂಪ್ಲಿಫೈಯರ್ ಕಟ್ಟುತ್ತಿದ್ದವರು. ಮುದ್ರಣಗೊಂಡ ಹಾಡಿನಿಂದ ಗಾಯಕರ ದನಿಯನ್ನು ತೆಗೆದು, ತಾಳ ಮತ್ತು ಮಂದ್ರ ನಾದವನ್ನು ಉಳಿಸಿ, ಪ್ರತಿಧ್ವನಿ ಬೆರೆಸಿ ಅವರು ಹೊಸ ಹಾಡನ್ನೇ ಮಾಡುತ್ತಿದ್ದರು. ಆ ಬರಿಯ ತಾಳದ ಮೇಲೆ ಬೇರೊಬ್ಬರು ಮೈಕ್ ಹಿಡಿದು ಮಾತು ಪೋಣಿಸಬಹುದು. ನಮ್ಮ ಹಾರ್ಮೋನಿಯಂ ಮೇಷ್ಟ್ರು ಹಳೆಯ ಮಟ್ಟಿಗೆ ಹೊಸ ಪದ ಕೂರಿಸುವುದಿಲ್ಲವೇ, ಹಾಗೆ! ಟಬ್ಬಿಯವರ ಶಿಷ್ಯ ಕಿಂಗ್ ಜಾಮಿ 1985ರಲ್ಲಿ ಕ್ಯಾಸಿಯೋ ಕಂಪನಿಯ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ಅಡಗಿದ್ದ ತಾಳವೊಂದರಿಂದ ವೇಯ್ನ್ ಸ್ಮಿತ್ ಅವರ ಹಾಡು ಕಟ್ಟಿದರು. ಜಮೈಕಾದ ಸಂಗೀತವೇ ಯಂತ್ರದ ತಾಳಕ್ಕೆ ತಿರುಗಿತು. ಆ ತಾಳವನ್ನು ಕೀಬೋರ್ಡಿಗೆ ತುಂಬಿದ್ದವರು ಹಿರೊಕೊ ಒಕುಡಾ ಎಂಬ ಜಪಾನಿನ ತರುಣಿ.

ನಮ್ಮ ಹಾರನ್‌ನಲ್ಲಿ ಆ ಸಂಗೀತ ಕೇಳಿಸಿದರೆ ಸಪ್ಪೆಯೆನಿಸೀತು. ಹಾರನ್‌ನ ಒಳಗೆ ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕಂಟಿದ ಸಣ್ಣ ಪೊರೆ. ಪೊರೆಯ ಕಂಪನವನ್ನು ಅಗಲವಾಗುತ್ತ ಹೋಗುವ ಕಹಳೆ ಹೊರಗಿನ ಗಾಳಿಗೆ ಸಮರ್ಥವಾಗಿ ದಾಟಿಸುತ್ತದೆ. ಕೆಲವೇ ವಾಟ್ ವಿದ್ಯುತ್ತಿನಲ್ಲಿ ದನಿ ಹೊಲಗದ್ದೆ ದಾಟುತ್ತದೆ. ಆದರೆ ಕಡಿಮೆ ಆವೃತ್ತಿಯ ಮಂದ್ರ ನಾದಕ್ಕೆ ಆ ಕಹಳೆ ಸಾಲದು. ಅದಕ್ಕೆ ದೊಡ್ಡ ಪೊರೆ, ದೊಡ್ಡ ಪೆಟ್ಟಿಗೆ ಬೇಕು. ಮಾತು ಮುಟ್ಟಬೇಕಾದ ನಾಟಕದವರು ಹಾರನ್ ಕಟ್ಟಿದರು. ಎದೆ ನಡುಗಬೇಕಾದ ಕುಣಿತದವರು ಪೆಟ್ಟಿಗೆ ಕಟ್ಟಿದರು.

ನಮ್ಮಲ್ಲೂ ಸಣ್ಣ ತಯಾರಕರಿಗೆ ಬಾಗಿಲು ತೆರೆದದ್ದು ತಂತ್ರಜ್ಞಾನವೇ. 1908ರಿಂದ ಕಲ್ಕತ್ತಾದಲ್ಲಿ ಗ್ರಾಮಾಫೋನ್ ಕಂಪನಿಯ ಕಾರ್ಖಾನೆಯಿತ್ತು; ಪ್ಲೇಟು ಒತ್ತುವುದು ದೊಡ್ಡವರ ಬಾಬತ್ತಾಗಿತ್ತು. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟನ್ನು ನಕಲು ಮಾಡಲು ಕಾರ್ಖಾನೆಯ ಅಗತ್ಯವಿರಲಿಲ್ಲ. ಬೆಂಗಳೂರಿನಲ್ಲಿ 1974ರಲ್ಲಿ ಮನೋಹರ ನಾಯ್ಡು ಆರಂಭಿಸಿದ 'ಲಹರಿ', ಅದರಂತೆ 'ಸಂಗೀತಾ' ಕನ್ನಡದ ಹಾಡನ್ನು ಮನೆಮನೆಗೆ ಒಯ್ದವು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿಯಾದವು. 1987ರಲ್ಲಿ ಹಂಸಲೇಖ ಅವರ 'ಪ್ರೇಮಲೋಕ'ದ ಹಾಡುಗಳನ್ನು ಹಾಕದ ಮೈಕ್ ಸೆಟ್ ಸಿಗುವುದೇ ಕಷ್ಟವಿತ್ತು.

ಒಂದು ವ್ಯತ್ಯಾಸ ಮಾತ್ರ ಉಳಿಯಿತು. ಜಮೈಕಾದ ಸೆಟ್ಟಿನವರು ತಮ್ಮ ಓಣಿಯ ದನಿಯನ್ನೇ ಮುದ್ರಿಸಿ ಮಾರಿದರು. ಕುಣಿತದ ರಾತ್ರಿಗಳ ಕ್ಯಾಸೆಟ್‌ಗಳು ಲಂಡನ್, ನ್ಯೂಯಾರ್ಕಿನವರೆಗೂ ಹೋದವು, ಇಂದು ಅವೇ ಆ ಕಾಲದ ದಾಖಲೆ. ನಮ್ಮವರು ಬಹುಮಟ್ಟಿಗೆ ಬೆಂಗಳೂರಿನಿಂದ ಬಂದದ್ದನ್ನು ಹಾಕಿದರು. ಊರ ನಾಟಕ, ತತ್ವಪದ, ಸೋಬಾನೆಯನ್ನು ಯಾರಾದರೂ ಟೇಪಿಗೆ ಹಿಡಿದಿದ್ದರೆ ಅದು ಅಟ್ಟದ ಮೇಲಿನ ಟ್ರಂಕಿನಲ್ಲಿ ಉಳಿದಿರುತ್ತದೆ. ಟೇಪಿನ ಮೇಲಿರುವುದು ಅಂಟಿನಲ್ಲಿ ಹಿಡಿದಿಟ್ಟ ಕಬ್ಬಿಣದ ಆಕ್ಸೈಡಿನ ಪುಡಿ. ತೇವಕ್ಕೆ ಅಂಟು ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಅಜ್ಜನ ದನಿ ಪುಡಿಯಾಗಿ ಉದುರುತ್ತದೆ.

ಹೈಸ್ಕೂಲಿನ ಹುಡುಗರು ಈ ರಜೆಯಲ್ಲೇ ಮಾಡಬಹುದಾದ ಕೆಲಸವಿದು. ಬೂಷ್ಟು ಕಂಡ ಟೇಪನ್ನು ಓಡಿಸದೆ ಬಲ್ಲವರಿಗೆ ತೋರಿಸಿ. ಚೆನ್ನಾಗಿರುವುದನ್ನು ಸುತ್ತುಗಣ್ಣಿಗೆ ಪೆನ್ಸಿಲ್ ತೂರಿಸಿ ನಿಧಾನ ತಿರುಗಿಸಿ ನೋಡಿ, ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು ನಕಲು ಮಾಡಿ. ಹಾಡಿದವರ ಹೆಸರು, ಊರು, ಇಸವಿಯನ್ನು ಹಿರಿಯರಿಂದ ಕೇಳಿ ಬರೆದಿಡಿ. ಎಲ್ಲಕ್ಕೂ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಒತ್ತಿಕೊಳ್ಳುವುದಿಲ್ಲ.